ಇಲಿಗೆ ವಾಸಿಯಾಯ್ತು, ನಮಗೆ?

ಬನಹಟ್ಟಿಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಹೇಳಿ ಬರೆದಿದ್ದಾರೆ: "ಎರಡು ವರ್ಷದಿಂದ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಉರಿಯೂತ. ಪವರ್‌ಲೂಮ್ ಮುಂದೆ ನಿಂತರೂ ನೋವು, ಕೂತರೂ ನೋವು. ಯಾವುದೋ ಬೇರಿನ ಸಾರದಿಂದ ಇಲಿಗಳಿಗೆ ಇದು ವಾಸಿಯಾಯ್ತು ಅಂತ ಪೇಪರಿನಲ್ಲಿ ಓದಿದೆ. ಆ ಪುಡಿ ತರಿಸಿ ಕುಡಿಯಲಾ?"

ಸದ್ಯಕ್ಕೆ ಬೇಡ ಸರ್.

ಇಲಿಗೆ ಈ ಕಾಯಿಲೆ ತಾನಾಗಿ ಬಂದದ್ದಲ್ಲ, ತರಿಸಿದ್ದು. ಒಂದು ವಿಧಾನದಲ್ಲಿ ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಅನ್ನು ನೇರವಾಗಿ ಗ್ರಂಥಿಗೇ ಚುಚ್ಚುತ್ತಾರೆ. (ಐಸ್‌ಕ್ರೀಮಿಗೆ ಹಾಕುತ್ತಾರಲ್ಲ, ಅದೇ!) ಇನ್ನೊಂದರಲ್ಲಿ ಪ್ರಾಸ್ಟೇಟಿನ ಸಾರವನ್ನು ರೋಗನಿರೋಧಕ ಶಕ್ತಿ ಕೆರಳಿಸುವ ಎಣ್ಣೆಯಂಥ ದ್ರಾವಣದಲ್ಲಿ ಕಲಸಿ ಚುಚ್ಚುತ್ತಾರೆ. ಆಗ ಇಲಿಯ ದೇಹ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ಮದ್ದು ಉರಿಯೂತದ ಜೊತೆಗೇ ಶುರುವಾಗುತ್ತದೆ, ಕೆಲವೊಮ್ಮೆ ಅದಕ್ಕೂ ಮೊದಲೇ. ಎಲ್ಲ ಕೆಲವೇ ವಾರಗಳ ಮಾತು. ನಿಮ್ಮದು ಎರಡು ವರ್ಷದ ನೋವು. ಮದ್ದು ಯಾವಾಗ ಕೊಟ್ಟರು ಅನ್ನೋದನ್ನು ಪೇಪರಿನವರು ಬರೆಯುವುದೇ ಇಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

ಇನ್ನು ನೋವಿನ ಅಳತೆ. ಇಲಿ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಅದನ್ನು ಜಾಲರಿ ಮೇಲೆ ಬಿಟ್ಟು, ಕೆಳಗಿನಿಂದ ನೈಲಾನ್ ಎಳೆಯೊಂದನ್ನು ಕೆಳಹೊಟ್ಟೆಗೆ ತಾಗಿಸಿ, ಎಳೆ ಬಾಗುವವರೆಗೆ ಒತ್ತುತ್ತಾರೆ. ಹಾರಿತೇ, ಹೊಟ್ಟೆ ಒಳಗೆಳೆದುಕೊಂಡಿತೇ, ಆ ಜಾಗ ನೆಕ್ಕಿತೇ ಅಂತ ಬರೆದುಕೊಳ್ಳುತ್ತಾರೆ. ಎಳೆ ದಪ್ಪವಾದಷ್ಟೂ ಒತ್ತಡ ಜಾಸ್ತಿ. ದಿನವಿಡೀ ಎಳೆಗಳ ಜೊತೆಗಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಆದರೆ ರಾತ್ರಿ ಮೂರು ಸಲ ಏಳುವುದು, ಕೆಲಸಕ್ಕೆ ಹೋಗಲು ಮನಸ್ಸಾಗದಿರುವುದು ಈ ಎಳೆಗೆ ಸಿಗುವುದಿಲ್ಲ.

ಹಾಗಂತ ಇಲಿ ಪ್ರಯೋಗ ಸುಮ್ನೆ ಮಾಡುವುದಲ್ಲ. ಕ್ರಿಮಿಯೇ ಇಲ್ಲದೆ ಈ ಉರಿಯೂತ, ಈ ನೋವು ಹೇಗೆ ಬರಬಹುದು ಅಂತ ಗೊತ್ತಾಗುತ್ತಿರುವುದು ಅವುಗಳಿಂದಲೇ. ನಿಮ್ಮಂಥ ಬಹುಪಾಲು ಜನರ ಮೂತ್ರದಲ್ಲೂ ಕ್ರಿಮಿ ಸಿಗುವುದಿಲ್ಲ.

ಮನುಷ್ಯರ ಮೇಲೆ ನೋಡಿದಾಗ ಲೆಕ್ಕವೇ ಬೇರೆ. ಈ ನೋವಿಗೆ ಡಾಕ್ಟರುಗಳು ಆಗಲೇ ಬರೆದುಕೊಡುತ್ತಿದ್ದ ಆಲ್ಫುಜೋಸಿನ್ ಮಾತ್ರೆಯನ್ನು ಇದೇ ತೊಂದರೆಯ 272 ಗಂಡಸರಲ್ಲಿ 12 ವಾರ ಪರೀಕ್ಷಿಸಿದರು. ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದವರಿಗೆ ಮದ್ದಿಲ್ಲದ ಮಾತ್ರೆ. 2008ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ನೂರಕ್ಕೆ 49 ಜನ ಸುಧಾರಿಸಿದ್ದರು! ನಿಮ್ಮ ಬೇರಿನ ಪುಡಿ ಇಂಥ ಪರೀಕ್ಷೆ ದಾಟಿ ಬರಲಿ, ಆಮೇಲೆ ನೋಡೋಣ.

ಪುಡಿ ಆಗಲೇ ಶುರು ಮಾಡಿದ್ದರೆ ಪೊಟ್ಟಣ ಸಮೇತ ಮೂತ್ರರೋಗ ತಜ್ಞರ ಬಳಿ ಹೋಗಿ. ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿದರೆ ಅವತ್ತೇ ಹೋಗಬೇಕು.