ಸಂಪಾದಕರ ಉತ್ತರ: ಮಾತು ನಿಂತವರು ಹಾಡುವುದು ಹೇಗೆ?

ಮಾನ್ಯರೆ,

ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲುಗಳ ಸ್ವಾಧೀನ ಕಳೆದುಕೊಂಡಿರುವ ತಮ್ಮ ತಂದೆಯವರು ನೀರು ಬೇಕೆಂದು ಕೇಳಲೂ ತಡವರಿಸುತ್ತಾರೆ, ಆದರೆ ಸಂಜೆ ದೀಪ ಹಚ್ಚಿದಾಗ ದೇವರನಾಮವನ್ನು ಪದ ತಪ್ಪದೆ ಹಾಡುತ್ತಾರೆ, ಸಿಟ್ಟು ಬಂದರೆ ಬೈಗುಳವೂ ಸಲೀಸಾಗಿ ಬರುತ್ತದೆ ಎಂದು ಬರೆದಿದ್ದೀರಿ. ‘ಹಾಡಲು ಬರುವವರಿಗೆ ಮಾತು ಬಾರದೇ? ಇದು ಬರೀ ಹಠ’ ಎನ್ನುವ ನೆಂಟರಿಗೆ ಏನು ಉತ್ತರ ಕೊಡಲಿ ಎಂಬುದು ತಮ್ಮ ಪ್ರಶ್ನೆ. ಹಠವಲ್ಲ ಎಂದು ಧಾರಾಳವಾಗಿ ಹೇಳಿ. ಮಿದುಳಿಗೆ ಪೆಟ್ಟಾಗಿ ಮಾತಿನ ಶಕ್ತಿ ಕುಂದುವ, ವೈದ್ಯರು ಅಫೇಸಿಯಾ ಎಂದು ಕರೆಯುವ ಈ ತೊಂದರೆಯಲ್ಲಿ ಇಂಥದ್ದು ಹೊಸದಲ್ಲ.

1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ಲೆಬೋರ್ನ್ ಎಂಬ ರೋಗಿ ಏನು ಕೇಳಿದರೂ ‘ಟಾನ್, ಟಾನ್’ ಎಂದಷ್ಟೇ ಉತ್ತರಿಸುತ್ತಿದ್ದ. ಇತರರು ಆಡಿದ್ದು ಬಹುಮಟ್ಟಿಗೆ ಅವನಿಗೆ ತಿಳಿಯುತ್ತಿತ್ತು, ತನ್ನ ಮನಸ್ಸಿನಲ್ಲಿರುವುದು ಅವರಿಗೆ ತಿಳಿಯದೆ ಹೋದಾಗ ಮಾತ್ರ ಕೆರಳಿ ಒಂದು ಬೈಗುಳವನ್ನು ಸ್ಪಷ್ಟವಾಗಿಯೇ ಆಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮಿದುಳನ್ನು ನೋಡಿದ ಬ್ರೋಕಾ, ಎಡ ಮುಂಭಾಗದ ಕೆಳ ಮಡಿಕೆಯಲ್ಲಿ ಹಾನಿಯನ್ನು ಗುರುತಿಸಿದರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು: ಎಡಕಿವಿಯ ಮೇಲ್ಭಾಗದ ಆಸುಪಾಸಿನಲ್ಲಿ ಮಿದುಳಿಗೆ ಪೆಟ್ಟಾದವರು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಆ ಮಾತಿಗೆ ಅರ್ಥವಿರುವುದಿಲ್ಲ. ಇಷ್ಟರಿಂದ ‘ಮಾತಿನ ಕೇಂದ್ರ’ ಎಂಬ ಒಂದೇ ಜಾಗವಿದೆ ಎಂದುಕೊಳ್ಳಬಾರದು. ಜೋಪಾನವಾಗಿ ಉಳಿಸಿದ್ದ ಲೆಬೋರ್ನನ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದವರು, ಹಾನಿಯು ಬ್ರೋಕಾ ಮೇಲ್ಮೈಯಲ್ಲಿ ಕಂಡದ್ದಕ್ಕಿಂತ ಬಹಳ ಆಳಕ್ಕೆ, ದೂರದ ಭಾಗಗಳನ್ನು ಜೋಡಿಸುವ ನರತಂತುಗಳವರೆಗೂ ಇಳಿದಿತ್ತೆಂದು 2007ರಲ್ಲಿ ವರದಿ ಮಾಡಿದರು.

ಬಲಗೈ ಬಿದ್ದದ್ದಕ್ಕೂ ಮಾತು ಹೋದದ್ದಕ್ಕೂ ನಂಟಿದೆ. ದೇಹದ ಬಲಭಾಗವನ್ನು ಆಳುವುದು ಎಡ ಮಿದುಳು. ಬಲಗೈ ರೂಢಿಯವರಲ್ಲಿ ಸುಮಾರು ಶೇ. 95 ಮಂದಿಗೆ ಭಾಷೆಯ ಹೆಚ್ಚಿನ ಕೆಲಸ ನಡೆಯುವುದೂ ಅಲ್ಲಿಯೇ. ಕೈ ಮತ್ತು ತುಟಿಗಳನ್ನು ಆಡಿಸುವ ಭಾಗಕ್ಕೂ ಬ್ರೋಕಾ ಗುರುತಿಸಿದ ಭಾಗಕ್ಕೂ ರಕ್ತ ಒದಗಿಸುವುದು ಒಂದೇ ದೊಡ್ಡ ರಕ್ತನಾಳವಾದ್ದರಿಂದ, ಅದು ಕಟ್ಟಿಕೊಂಡರೆ ಎರಡೂ ಒಟ್ಟಿಗೆ ಸೊರಗುತ್ತವೆ.

ಇನ್ನು ಹಾಡಿನ ವಿಚಾರ. ‘ನೀರು ಬೇಕು’ ಎನ್ನುವಾಗ ಪದವನ್ನು ಹುಡುಕಿ, ಪ್ರತ್ಯಯ ಹಚ್ಚಿ, ವಾಕ್ಯವನ್ನು ಆ ಕ್ಷಣಕ್ಕೆ ಕಟ್ಟಬೇಕು. ನೂರಾರು ಸಲ ಹಾಡಿದ ದೇವರನಾಮ, ವಾರಗಳ ಹೆಸರು, ಬೈಗುಳ ಇವೆಲ್ಲ ಇಡಿಯಾಗಿ ನೆನಪಿನಲ್ಲಿ ಕುಳಿತಿರುತ್ತವೆ. ಅವನ್ನು ಹೊರತರಲು ಬಲ ಮಿದುಳೂ ಒಳಪದರದ ಭಾಗಗಳೂ ನೆರವಾಗುತ್ತವೆ ಎಂಬುದು ಹಲವು ತಜ್ಞರ ಅಭಿಪ್ರಾಯ. ಇದನ್ನೇ ಆಧಾರವಾಗಿಟ್ಟುಕೊಂಡು ಬಾಸ್ಟನ್ನಿನ ವೈದ್ಯರು 1970ರ ದಶಕದಲ್ಲಿ, ದಿನಬಳಕೆಯ ಮಾತುಗಳನ್ನು ಎಡಗೈಯಲ್ಲಿ ತಾಳ ಹಾಕುತ್ತ ರಾಗವಾಗಿ ಹೇಳಿಸುವ ಚಿಕಿತ್ಸೆಯನ್ನು ರೂಪಿಸಿದರು. ಫಲ ಕೊಡುವುದು ರಾಗವೋ ತಾಳವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬರೀ ದೇವರನಾಮ ಹಾಡಿಸುತ್ತ ಹೋದರೆ ಮಾತು ಮರಳುತ್ತದೆ ಎಂಬ ಭರವಸೆಯನ್ನಂತೂ ಯಾರೂ ಕೊಡಲಾರರು.

ಆದ್ದರಿಂದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಹತ್ತಿರದ ವಾಕ್ ಚಿಕಿತ್ಸಕರಲ್ಲಾಗಲಿ ತಡಮಾಡದೆ ತೋರಿಸಿ. ಮನೆಯಲ್ಲಿ ‘ಏನು ಬೇಕು?’ ಎನ್ನುವ ಬದಲು ಲೋಟ ತೋರಿಸಿ ‘ನೀರು ಬೇಕೇ?’ ಎಂದು ಕೇಳಿ, ತಲೆಯಾಡಿಸಲು ಸಮಯ ಕೊಡಿ. ಅವರ ಮುಂದೆಯೇ ಅವರ ಬಗ್ಗೆ ಹಗುರವಾಗಿ ಆಡಬೇಡಿರೆಂದು ನೆಂಟರಿಗೂ ತಿಳಿಸಿ. ಅವರಿಗೆ ಅದೆಲ್ಲ ಅರ್ಥವಾಗುತ್ತಿರಬಹುದು.

— ಸಂ.