ಸಾಲ ಮಾಡಿ ಹೊಸ ಸಿಸ್ಟಂ ಈಗಲೇ ಬೇಡ

ಮಂಡ್ಯದಲ್ಲಿ ಮದುವೆ ವಿಡಿಯೊ ಜೊತೆಗೆ ಕೇಬಲ್ ಚಾನೆಲ್ಲಿಗೂ ಕಾರ್ಯಕ್ರಮ ಮಾಡಿಕೊಡ್ತೀನಿ, 4ಕೆ ಫುಟೇಜ್ ಎಡಿಟಿಂಗ್ ಟೈಮ್‌ಲೈನಲ್ಲಿ ನಿಂತು ನಿಂತು ಓಡುತ್ತೆ, ಸಾಲ ಮಾಡಿ ಹೊಸ ಕಂಪ್ಯೂಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ ಸರ್. ಮೊದಲು ಪ್ರಾಕ್ಸಿ, ಅಂದ್ರೆ ಅದೇ ಫುಟೇಜಿನ ಹಗುರ ನಕಲು, ಮಾಡಿ ನೋಡಿ.

ನಿಮ್ಮ ಫುಟೇಜ್ ಎಚ್.265, ಅಂದ್ರೆ ಒತ್ತಿ ಕುಗ್ಗಿಸಿದ ವಿಡಿಯೊ ಆಗಿದ್ದರೆ, ಅದರಲ್ಲಿ ಎಲ್ಲ ಫ್ರೇಮೂ ಪೂರ್ತಿ ಇರಲ್ಲ. ಅಕ್ಕಪಕ್ಕದ ಫ್ರೇಮುಗಳಿಂದ ಲೆಕ್ಕ ಹಾಕಿ ಬಿಡಿಸಬೇಕು, ಹಳೇ ಪ್ರೊಸೆಸರ್ ಸುಸ್ತಾಗೋದು ಅಲ್ಲೇ. ಪ್ರೀಮಿಯರ್, ರಿಸಾಲ್ವ್ ಎರಡೂ ಎಡಿಟಿಂಗ್ ಸಾಫ್ಟ್‌ವೇರಲ್ಲೂ ಪ್ರಾಕ್ಸಿ ಸೌಲಭ್ಯ ಇದೆ. ರಾತ್ರಿ ಪ್ರಾಕ್ಸಿ ಮಾಡೋಕೆ ಹಾಕಿ ಮಲಗಿ, ಬೆಳಿಗ್ಗೆ ಹಗುರ ಫೈಲಿನಲ್ಲಿ ಕಟ್ ಮಾಡಿ. ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಅಸಲಿ ಫೈಲು ಬಳಕೆಯಾಗಲಿ.

ಇರೋ ದುಡ್ಡನ್ನ ಎಸ್‌ಎಸ್‌ಡಿ, ಬ್ಯಾಕಪ್ ಡಿಸ್ಕ್, ಯುಪಿಎಸ್‌ಗೆ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ಅಂದ್ರೆ 100 ಎಂಬಿಪಿಎಸ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತೆ. ಮುಹೂರ್ತ, ಧಾರೆ, ಆರತಕ್ಷತೆ, ಅದೂ ಎರಡು ಕ್ಯಾಮೆರಾ ಅಂದ್ರೆ ಡಿಸ್ಕ್ ತುಂಬೋಕೆ ಎಷ್ಟು ಹೊತ್ತು ಹೇಳಿ! ಆ ಡಿಸ್ಕಿನ ಖರ್ಚು ನಿಮ್ಮ ರೇಟಿನಲ್ಲೇ ಸೇರಲಿ. ನಮ್ಮ ಕಡೆ ಹುಡುಗರು ಇದನ್ನ ಕೇಳೋಕೆ ಸಂಕೋಚಪಟ್ಟು ಕೈಯಿಂದ ಹಾಕ್ಕೊಳ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಚಾನೆಲ್ ಕೆಲಸಕ್ಕೆ ಸೆಕೆಂಡಿಗೆ 30 ಬೇಡ, 25 ಫ್ರೇಮಿನಲ್ಲೇ ಶೂಟ್ ಮಾಡಿ, ಶಟರ್ 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಇದು ಹೊಂದುತ್ತೆ, ಛತ್ರದ ಟ್ಯೂಬ್‌ಲೈಟ್ ಮಿನುಗೋದೂ ನಿಲ್ಲುತ್ತೆ. ಪ್ರಾಕ್ಸಿಯಲ್ಲೂ ತೊಡರಿದರೆ ನಿಮ್ಮ ಪ್ರೊಸೆಸರ್, ರ್‍ಯಾಮ್ ಯಾವುದು ಅಂತ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.