ಉಪಗ್ರಹ, ಫೋನು, ಫೌಜು: ನಿಮ್ಮ ಪ್ರಶ್ನೆಗೆ ಸುಬೇದಾರರ ಉತ್ತರ

(ಈ ಸಂಚಿಕೆಯಲ್ಲಿ ಉತ್ತರಿಸುವವರು ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ 28 ವರ್ಷ ದುಡಿದು ನಿವೃತ್ತರಾದ ಸುಬೇದಾರರು. ಹುಟ್ಟೂರು ಬೆಳಗಾವಿ ಜಿಲ್ಲೆ, ಈಗ ಪುಣೆಯ ಖಡಕಿಯಲ್ಲಿ ವಾಸ.)

ಪ್ರಶ್ನೆ: ಇನ್ನು ಮುಂದೆ ಯುದ್ಧ ನಡೆಯೋದು ಆಕಾಶದಲ್ಲಿ, ಉಪಗ್ರಹಗಳ ನಡುವೆ ಅಂತ ನನ್ನ ಮೊಮ್ಮಗ ಹೇಳುತ್ತಾನೆ. ನಿಜವಾ? ಸೈನಿಕರಿಗೆ ಆಕಾಶದಲ್ಲಿ ಏನು ಕೆಲಸ?
ನಿವೃತ್ತ ಶಿಕ್ಷಕಿ, ಡೊಂಬಿವಲಿ

ಟೀಚರ್, ನಿಮ್ಮ ಮೊಮ್ಮಗ ಪೂರ್ತಿ ತಪ್ಪು ಹೇಳಿಲ್ಲ. ಆದರೆ ಸೈನ್ಯಕ್ಕೆ ಆಕಾಶದಲ್ಲಿ ದಿನಾ ಇರುವ ಕೆಲಸ ಹೊಡೆದಾಟ ಅಲ್ಲ. ಮಾತು ಮುಟ್ಟಿಸೋದು, ಮೇಲಿನಿಂದ ನೋಡೋದು, ದಾರಿ ತೋರಿಸೋದು.

ನಾನು ಕಂಡಿದ್ದನ್ನೇ ಹೇಳುತ್ತೇನೆ. ಹಿಮದ ಪೋಸ್ಟುಗಳಿಗೆ ಮೊದಲು ನಾವು ತಂತಿ ಎಳೆಯುತ್ತಿದ್ದೆವು. ಹಿಮ ಕುಸಿದರೆ ತಂತಿ ತುಂಡು. ಇಬ್ಬರು ಹೊರಡಬೇಕು. ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. ಎಲ್ಲಿ ಅದು ಸಡಿಲಾಗಿ ಕೈಗೆ ಬರುತ್ತದೋ ಅಲ್ಲಿ ತುಂಡಾಗಿದೆ ಅಂತ ಅರ್ಥ. ಕೈಗವಸು ತೆಗೆದು, ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿದು, ಬೆರಳು ಮರಗಟ್ಟುವ ಮುಂಚೆ ಗಂಟು ಹಾಕಬೇಕು. ಆಮೇಲೆ ಉಪಗ್ರಹದ ಮೂಲಕ ಮಾತಾಡುವ ಡಿಶ್ ಬಂತು. ಬೆಳಿಗ್ಗೆ ಎದ್ದ ಕೂಡಲೇ ಡಿಶ್ ಮೇಲಿನ ಹಿಮವನ್ನು ಮೆತ್ತಗೆ ಗುಡಿಸೋದು ನಮ್ಮ ಮೊದಲ ಕೆಲಸ. ಜೋರಾಗಿ ಒತ್ತಿದರೆ ಡಿಶ್ ಸ್ವಲ್ಪ ಜರುಗಿ ಲೈನೇ ಹೋಗುತ್ತಿತ್ತು. ಫೋನಿನಲ್ಲಿ ಹಲೋ ಅಂದರೆ ಅರ್ಧ ಸೆಕೆಂಡು ಬಿಟ್ಟು ಉತ್ತರ ಬರುತ್ತಿತ್ತು. ಮಾತು 36,000 ಕಿ.ಮೀ. ಮೇಲೆ ಹೋಗಿ ಇಳಿಯಬೇಕಲ್ವಾ! ಹೊಸ ಹುಡುಗರು ತಡೆಯಲಾರದೆ ಮತ್ತೆ ಹಲೋ ಅನ್ನುತ್ತಿದ್ದರು. ಎರಡೂ ಕಡೆಯ ಮಾತು ಡಿಕ್ಕಿ ಹೊಡೆಯುತ್ತಿತ್ತು.

ನೌಕಾಪಡೆಗೆ ಹೀಗೆ ಮಾತು ಮುಟ್ಟಿಸಲೆಂದೇ 2013ರಲ್ಲಿ ಜಿಸ್ಯಾಟ್-7 ಹಾರಿತು. ರುಕ್ಮಿಣಿ ಅಂತ ಅದರ ಹೆಸರು. 2018ರ ಡಿಸೆಂಬರಿನಲ್ಲಿ ವಾಯುಪಡೆಗೆ ಜಿಸ್ಯಾಟ್-7ಎ ಬಂತು. ನೋಡುವ ಕೆಲಸದ ಉಪಗ್ರಹಗಳು ಬೇರೆ. ನಿಮ್ಮ ಮುಂಬಯಿ ಮೇಲೆ 26/11 ದಾಳಿ ಆದ ಐದು ತಿಂಗಳೊಳಗೆ, 2009ರ ಏಪ್ರಿಲಿನಲ್ಲಿ, ರಿಸ್ಯಾಟ್-2 ಹಾರಿಸಿದರು. ಅದರದು ರಡಾರ್ ಕಣ್ಣು. 2022ರಲ್ಲಿ ಅದು ಕೆಳಗಿಳಿದು ಮುಗಿಯುವ ಮುಂಚೆ ರಾತ್ರಿಯಲ್ಲೂ ಮೋಡದಾಚೆಗೂ ನೋಡುತ್ತಿತ್ತು. ಮೂರೂ ಪಡೆಗಳ ಇಂಥ ಕೆಲಸ ನೋಡಿಕೊಳ್ಳಲು ಡಿಫೆನ್ಸ್ ಸ್ಪೇಸ್ ಏಜೆನ್ಸಿ ಅಂತ ಮಾಡಿದ್ದಾರೆ. ಅದು ಇರೋದು ನಮ್ಮ ಬೆಂಗಳೂರಿನಲ್ಲಿ.

ಹೊಡೆಯುವ ಶಕ್ತಿಯೂ ನಮಗಿದೆ. 2019ರ ಮಾರ್ಚ್ 27ರಂದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಕ್ಷಿಪಣಿ ಹಾರಿಸಿ ನಮ್ಮದೇ ಒಂದು ಉಪಗ್ರಹವನ್ನು ಹೊಡೆದುರುಳಿಸಿದರು. ಮಿಷನ್ ಶಕ್ತಿ ಅಂತ ಹೆಸರು. ಸುಮಾರು 300 ಕಿ.ಮೀ. ಎತ್ತರದಲ್ಲಿದ್ದ ಉಪಗ್ರಹವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅಷ್ಟು ಕೆಳಗಿನ ಚೂರುಗಳು ಬೇಗ ಇಳಿದು ಗಾಳಿಯಲ್ಲಿ ಉರಿದುಹೋಗುತ್ತವೆ. ಚೀನಾ 2007ರಲ್ಲಿ 850 ಕಿ.ಮೀ.ಗಿಂತ ಮೇಲೆ ಹೊಡೆದಿತ್ತು. ಆಗ ಎದ್ದ 3,000ಕ್ಕೂ ಜಾಸ್ತಿ ಚೂರುಗಳಲ್ಲಿ ಬಹಳಷ್ಟು ಇನ್ನೂ ಸುತ್ತುತ್ತಲೇ ಇವೆ. ಅವುಗಳಿಗೆ ಸ್ನೇಹಿತ, ಶತ್ರು ಅಂತ ಗೊತ್ತಾಗಲ್ಲ. ಯಾರ ಉಪಗ್ರಹಕ್ಕೂ ಬಡಿಯಬಹುದು. ಈ ಶಕ್ತಿ ಕೈಯಲ್ಲಿರಲಿ, ಬಳಸುವ ದಿನ ಬಾರದಿರಲಿ ಅಂತ ನಾನು ಮನಸಾರೆ ಬಯಸುತ್ತೇನೆ.

ಮೊಮ್ಮಗನಿಗೆ ಇನ್ನೊಂದು ಹೇಳಿ. ಉಪಗ್ರಹವನ್ನು ಕೆಡಿಸಲು ಆಕಾಶಕ್ಕೆ ಹೋಗಲೇಬೇಕಿಲ್ಲ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗುವ ಸ್ವಲ್ಪ ಹೊತ್ತಿನ ಮುಂಚೆ, ಒಂದು ಉಪಗ್ರಹ ಇಂಟರ್‌ನೆಟ್ ಕಂಪನಿಯ ನೆಲದ ಮೇಲಿನ ಜಾಲಕ್ಕೆ ಕಳ್ಳರು ಹೊಕ್ಕರು. ಕಂಪನಿಯೇ ಕಳಿಸುವ ಹಾಗೆ ಗ್ರಾಹಕರ ಮೋಡೆಮ್‌ಗಳಿಗೆ ಆಜ್ಞೆ ಕಳಿಸಿದರು. ಹತ್ತಾರು ಸಾವಿರ ಮೋಡೆಮ್‌ಗಳು ಸತ್ತವು. ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳಿಗೆ ದೂರದ ಸಂಪರ್ಕ ತಪ್ಪಿತು. ಮೇಲಿದ್ದ ಉಪಗ್ರಹಕ್ಕೆ ಒಂದು ಗೀರೂ ಬೀಳಲಿಲ್ಲ. ಅದಕ್ಕೇ ಆಕಾಶ ಮತ್ತು ಕಂಪ್ಯೂಟರು ಎರಡನ್ನೂ ಸೈನ್ಯ ಒಟ್ಟಿಗೆ ನೋಡುತ್ತದೆ.

ಪ್ರಶ್ನೆ: ನಾನು ಹೊನ್ನಾವರದವ. ಗೋವಾದ ಮಾಲಿಂ ಜೆಟ್ಟಿಯಿಂದ ಬೋಟಿಗೆ ಹೋಗ್ತೇನೆ. ಒಂದು ಸಲ ಜಿಪಿಎಸ್‌ನಲ್ಲಿ ನಮ್ಮ ಬೋಟು ನೆಲದ ಮೇಲೆ ಇದೆ ಅಂತ ತೋರಿಸ್ತು. ನೇವಿಯವರು ಬಂದ್ ಮಾಡ್ತಾರಾ?
ಬೋಟಿನ ಕೆಲಸಗಾರ, ಬೇತಿಂ

ತಮ್ಮಾ, ಜಿಪಿಎಸ್ ನಮ್ಮದಲ್ಲ, ಅಮೆರಿಕದ ಸೈನ್ಯದ್ದು. ಅದರ ಉಪಗ್ರಹಗಳು 20,200 ಕಿ.ಮೀ. ಮೇಲಿವೆ. ನಿಮ್ಮ ಬೋಟಿಗೆ ಮುಟ್ಟುವ ಹೊತ್ತಿಗೆ ಸಿಗ್ನಲ್ ತೀರಾ ಸಣ್ಣದಾಗಿರುತ್ತದೆ. ಹತ್ತಿರದಲ್ಲಿ ಯಾರಾದರೂ ಅದೇ ಅಲೆಯಲ್ಲಿ ಗದ್ದಲ ಎಬ್ಬಿಸಿದರೆ ಮುಳುಗಿಹೋಗುತ್ತದೆ. ಸುಳ್ಳು ಸಿಗ್ನಲ್ ಕಳಿಸಿ ಬೇರೆ ಜಾಗ ತೋರಿಸುವುದೂ ಉಂಟು. ಗಡಿಯ ಹತ್ತಿರ ನಮ್ಮ ವಿಮಾನಗಳೇ ಈ ತೊಂದರೆ ಅನುಭವಿಸಿವೆ. ಆದರೆ ಬೋಟಿನಲ್ಲಿ ಜಾಸ್ತಿ ಸಲ ಕೆಡೋದು ಆಂಟೆನಾದ ವೈರು. ಉಪ್ಪು ನೀರು ಹೊಕ್ಕು ಜಾಯಿಂಟ್ ಹಸಿರಾಗಿದೆಯಾ, ಮೊದಲು ಬಿಚ್ಚಿ ನೋಡಿ.

ಜಿಪಿಎಸ್ ಹಾಗೆ ಜಾಗ ತೋರಿಸುವ ನಮ್ಮದೇ ಉಪಗ್ರಹಗಳ ವ್ಯವಸ್ಥೆ ನಾವಿಕ್ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಕೆಲವು ಉಪಗ್ರಹಗಳಲ್ಲಿ ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಕೈಕೊಟ್ಟವು. ಗಡಿಯಾರ ತಪ್ಪಿದರೆ ಜಾಗವೂ ತಪ್ಪು. 2023ರಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರ ಇಟ್ಟು ಎನ್‌ವಿಎಸ್-01 ಹಾರಿಸಿದರು. ಈ ಕೆಲಸ ಇನ್ನೂ ಚುರುಕಾಗಬೇಕು. ಅಲ್ಲಿಯವರೆಗೆ ದಿಕ್ಸೂಚಿ ಜೊತೆಗಿರಲಿ. ಗುಡ್ಡ, ದೀಪಸ್ತಂಭ ನೋಡಿ ಜಾಗ ಗುರುತಿಸೋದು ಬೋಟು ನಡೆಸುವ ನಿಮ್ಮ ತಾಂಡೇಲರಿಗೆ ಗೊತ್ತಿರುತ್ತದೆ, ಕಲಿತುಕೊಳ್ಳಿ. ಅಪಾಯ ಅನ್ನಿಸಿದರೆ ಕೋಸ್ಟ್ ಗಾರ್ಡ್ ನಂಬರು 1554.

ಪ್ರಶ್ನೆ: 2020ರಲ್ಲಿ ಮುಂಬಯಿಗೆ ಕರೆಂಟ್ ಹೋದದ್ದು ಶತ್ರುಗಳ ಸೈಬರ್ ದಾಳಿ ಅಂದರು. ಹಾಗಿದ್ದರೆ ಸೈನ್ಯ ಯಾಕೆ ತಿರುಗಿ ಹೊಡೆಯಲಿಲ್ಲ?
ಹೋಟೆಲ್ ಮಾಲೀಕ, ಚೆಂಬೂರು

ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ. ಲೋಕಲ್ ರೈಲುಗಳು ನಿಂತಲ್ಲೇ ನಿಂತಿದ್ದವು. ಕೋವಿಡ್ ಕಾಲ ಬೇರೆ, ಆಸ್ಪತ್ರೆಗಳು ಜನರೇಟರ್ ಮೇಲೆ ನಡೆದವು. ಮುಂದಿನ ಮಾರ್ಚಿನಲ್ಲಿ ರಾಜ್ಯದ ಗೃಹಮಂತ್ರಿ ಸೈಬರ್ ಕೈವಾಡ ಇರಬಹುದು ಅಂದರು. ಕೇಂದ್ರದ ವಿದ್ಯುತ್ ಮಂತ್ರಿ ಅದು ಮನುಷ್ಯರ ತಪ್ಪು ಅಂದರು. ಎರಡು ಸರ್ಕಾರ, ಎರಡು ಮಾತು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗುಂಡು ಯಾವ ಬೆಟ್ಟದಿಂದ ಬಂತು ಅಂತ ಸಿಪಾಯಿಗೆ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಬಂದವನು ಮೂರು ದೇಶ ಸುತ್ತಿ, ಬೇರೆಯವನ ಮನೆಯ ಕಂಪ್ಯೂಟರಿನೊಳಗಿಂದ ಬಂದಿರುತ್ತಾನೆ. ಗುರುತು ಖಾತ್ರಿಯಾಗದೆ ಹೊಡೆಯಬಾರದು. ನಮಗೆ ಬಂದೂಕು ಕೊಡುವಾಗ ಕಲಿಸಿದ ಪಾಠವೂ ಅದೇ.

ಇನ್ನೊಂದು ವಿಷಯ. ಕರೆಂಟು, ಬ್ಯಾಂಕು, ರೈಲಿನ ಜಾಲ ಕಾಯುವ ಹೊಣೆ ಮುಖ್ಯವಾಗಿ ಸಿವಿಲ್ ಸಂಸ್ಥೆಗಳದ್ದು. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2004ರಿಂದ ಇದೆ. ಸೈನ್ಯದ ಡಿಫೆನ್ಸ್ ಸೈಬರ್ ಏಜೆನ್ಸಿ ಮೂರೂ ಪಡೆಗಳ ಸೈಬರ್ ಕೆಲಸಕ್ಕೆ ಇರುವುದು. ಸೈಬರ್ ಕಾರ್ಯಾಚರಣೆ ಹೇಗಿರಬೇಕು ಅನ್ನುವ ಮೂರೂ ಪಡೆಗಳ ಕೈಪಿಡಿಯನ್ನು 2025ರ ಆಗಸ್ಟಿನಲ್ಲಿ ಸಾರ್ವಜನಿಕರಿಗೂ ಬಿಡುಗಡೆ ಮಾಡಿದ್ದಾರೆ. ಇದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಜನರ ಮುಂದಿಟ್ಟದ್ದು ನನಗೆ ಬಹಳ ಹಿಡಿಸಿತು.

ಪ್ರಶ್ನೆ: ನಮ್ಮ ಯಜಮಾನರು ಫೌಜಿನಲ್ಲಿದ್ದಾರೆ. ಯೂನಿಫಾರ್ಮಿನ ಫೋಟೋ ಸ್ಟೇಟಸ್‌ಗೆ ಹಾಕಿದರೆ ಬೈಯುತ್ತಾರೆ. ನಮ್ಮ ಅತ್ತೆಗೆ ಮಗನ ಫೋಟೋ ಊರಿಗೆಲ್ಲ ತೋರಿಸುವ ಆಸೆ. ಇಷ್ಟು ಸಣ್ಣದಕ್ಕೆ ಯಾಕೆ ಹೆದರಬೇಕು?
ಸೈನಿಕನ ಪತ್ನಿ, ದಿಘಿ

ತಂಗೀ, ನಿಮ್ಮ ಅತ್ತೆಯ ಆಸೆ ನನಗೆ ಅರ್ಥವಾಗುತ್ತದೆ. ನನ್ನ ಅವ್ವನೂ ನನ್ನ ಫೋಟೋವನ್ನು ದೇವರ ಪಕ್ಕ ಇಟ್ಟಿದ್ದಳು. ಆದರೆ ಇದು ಸಣ್ಣದಲ್ಲ. 2018ರ ಜನವರಿಯಲ್ಲಿ ಓಟದ ಲೆಕ್ಕ ಇಡುವ ಆ್ಯಪ್ ಒಂದರ ನಕ್ಷೆ ನೋಡಿ ಲೋಕವೇ ಬೆಚ್ಚಿತು. ಸೈನಿಕರು ಬೆಳಿಗ್ಗೆ ಕೈಗೆ ವಾಚು ಕಟ್ಟಿಕೊಂಡು ಓಡಿದ ದಾರಿಗಳಿಂದ ಮರುಭೂಮಿಯ ಗುಪ್ತ ನೆಲೆಗಳ ಆಕಾರ ನಕ್ಷೆಯಲ್ಲಿ ಹೊಳೆಯುತ್ತಿತ್ತು. ಯಾರೂ ಕದ್ದಿರಲಿಲ್ಲ, ಸೈನಿಕರೇ ಕೊಟ್ಟಿದ್ದರು. ನಮ್ಮ ಸೈನ್ಯವೂ 2020ರ ಜುಲೈನಲ್ಲಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ಆದೇಶ ಹೊರಡಿಸಿತು.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ನನ್ನ ಅಕ್ಕನ ಮಗ ರಜೆಗೆ ಹೊರಡುವಾಗ ಪ್ಲಾಟ್‌ಫಾರ್ಮಿನಲ್ಲಿ ಗೆಳೆಯರ ಜೊತೆ ಫೋಟೋ ಹಾಕಿದ. ಹಿಂದೆ ಸ್ಟೇಷನ್ ಬೋರ್ಡು, ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಯುನಿಟ್ ನಂಬರು. ಎರಡೇ ದಿನದಲ್ಲಿ ಒಬ್ಬ ಹುಡುಗಿ ಹೆಸರಲ್ಲಿ ಮೆಸೇಜು. ಸಿಹಿ ಮಾತು. ಮೂರನೇ ಮೆಸೇಜಿಗೇ "ಯುನಿಟ್ ಮುಂದೆ ಎಲ್ಲಿಗೆ ಹೋಗ್ತದೆ?" ಅಂತ ಕೇಳಿದಳು. ಹುಡುಗ ಜಾಣ, ನನಗೆ ಫೋನ್ ಮಾಡಿದ. ಅವತ್ತೇ ಮೇಲಿನವರಿಗೆ ತಿಳಿಸಿದ. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಅತ್ತೆಗೆ ಒಳ್ಳೆ ಪ್ರಿಂಟ್ ತೆಗೆಸಿ ಚೌಕಟ್ಟು ಹಾಕಿಸಿ ಕೊಡಿ. ಬಂದವರಿಗೆಲ್ಲ ಕೈಯಾರೆ ತೋರಿಸಲಿ. ರಜೆಯ ತಾರೀಖು, ರೈಲು, ಪೋಸ್ಟಿಂಗ್ ಊರು, ಇವು ಮನೆಯ ಗ್ರೂಪಿನಲ್ಲೂ ಬೇಡ. ಗ್ರೂಪಿನಲ್ಲಿ ಯಾರ ಫೋನು ಯಾರ ಕೈಯಲ್ಲಿದೆಯೋ ನಮಗೇನು ಗೊತ್ತು?

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಕಂಪ್ಯೂಟರ್ ಅಂದರೆ ಇಷ್ಟ, ಸೈನ್ಯವೂ ಇಷ್ಟ. ಹುಡುಗಿಯರಿಗೆ ಈ ಕೆಲಸ ಸಿಗುತ್ತದಾ?
ವಿದ್ಯಾರ್ಥಿನಿ, ನಿಗಡಿ

ಸಿಗುತ್ತದೆ ಮಗಳೇ! ನಿಮ್ಮ ಮನೆಯಿಂದ ಖಡಕ್‌ವಾಸ್ಲಾ ಎಷ್ಟು ದೂರ? ಮೂರೂ ಪಡೆಗಳ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಅಲ್ಲಿನ ಎನ್‌ಡಿಎಗೆ 2022ರಲ್ಲಿ ಹುಡುಗಿಯರ ಮೊದಲ ತಂಡ ಸೇರಿತು. 2025ರ ಮೇ ತಿಂಗಳಲ್ಲಿ 17 ಹುಡುಗಿಯರು ಪರೇಡ್ ಮಾಡಿ ಹೊರಬಂದರು. ಆ ಸುದ್ದಿ ಓದಿ ನನ್ನ ಕಣ್ಣು ಒದ್ದೆಯಾಯಿತು. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಬಿಡಬೇಡ. ಪರೀಕ್ಷೆ ನಡೆಸೋದು ಯುಪಿಎಸ್‌ಸಿ, ವರ್ಷಕ್ಕೆ ಎರಡು ಸಲ. ಮುಂದೆ ಸಿಗ್ನಲ್ಸ್ ಸಿಕ್ಕರೆ ಮಧ್ಯಪ್ರದೇಶದ ಮ್ಹೌನಲ್ಲಿ ತರಬೇತಿ. ನಾನೂ ಅಲ್ಲಿ ಕೋರ್ಸ್ ಮಾಡಿದ್ದೇನೆ, ಚಳಿ ಜಾಸ್ತಿ.

ಈಗ ಮಾಡಬೇಕಾದ್ದು ಎರಡು. ದಿನಾ ಓಡು. ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಕನ್ನಡಕ ಬೇಕು ಅಂದರೆ ನಂಬರು ಎಷ್ಟು ಅಂತ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಮೆಡಿಕಲ್ ನಿಯಮ ವಿವರವಾಗಿ ಬರೆಯುತ್ತೇನೆ.